ಹುಳಿಯಾರು ಸೆಂಟರ್, ಮಾತಾಡಿ

ನನ್ನ ಕೆಲಸದ ಹೆಸರು ಬೋಧನಾ ಸಹಾಯಕಿ. ನಾನು ಮಾಡುತ್ತಿದ್ದುದು ಜನರೇಟರ್ ತಿರುಗಿಸುವ ಕೆಲಸ.

ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದೆ. ವಿಶ್ವವಿದ್ಯಾಲಯದವರು ಸಂದರ್ಶನ ಮಾಡಿ, ನಾಲ್ಕು ಲೆಕ್ಕ ಬೋರ್ಡಿನ ಮೇಲೆ ಬಿಡಿಸಿ ನೋಡಿ ಆರಿಸಿದ್ದರು. ಅದು ಎರಡು ಸಾವಿರದ ಏಳನೇ ಇಸವಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಪ್ರೊಫೆಸರರು ಪಾಠ ಮಾಡುವುದು, ಅದು ಉಪಗ್ರಹದ ಮೂಲಕ ಊರೂರಿನ ಕಾಲೇಜುಗಳ ಪರದೆಯ ಮೇಲೆ ಅದೇ ಗಳಿಗೆಯಲ್ಲಿ ಕಾಣುವುದು ಆಗಷ್ಟೇ ಶುರುವಾಗಿತ್ತು. ಆನ್‌ಲೈನ್ ಕ್ಲಾಸ್ ಅನ್ನುತ್ತಿದ್ದರು. ಪಾಠ ಕೇಳುವುದಷ್ಟೇ ಅಲ್ಲ, ಈ ಕಡೆಯಿಂದ ಮಾತಾಡಲೂ ಬಹುದಿತ್ತು. ಅದಕ್ಕೆ ಪ್ರತಿ ಸೆಂಟರಿನಲ್ಲೂ ಒಂದು ಕ್ಯಾಮೆರಾ, ಒಂದು ಮೈಕು. ಪಾಠ ಮುಗಿದ ಮೇಲೆ ಹುಡುಗರ ಅನುಮಾನ ಬಗೆಹರಿಸುವುದಕ್ಕೆ, ಲೆಕ್ಕ ಮಾಡಿಸುವುದಕ್ಕೆ ಒಬ್ಬ ಸಹಾಯಕಿ. ಹುಳಿಯಾರು ಸೆಂಟರಿಗೆ ನಾನು.

ಸೆಂಟರ್ ಇದ್ದದ್ದು ಮಲ್ಲಿಕಾರ್ಜುನಯ್ಯನವರ ಕಾಲೇಜಿನಲ್ಲಿ. ಅವರು ಆ ಕಾಲೇಜಿನ ಕಾರ್ಯದರ್ಶಿ. ಊರ ಸುತ್ತಲಿನ ತೆಂಗಿನ ತೋಟಗಳಲ್ಲಿ ಅರ್ಧ ಅವರದು. ಅವರ ತೋಟದ ಕಾಯಿ ಸುಲಿದೇ ನನ್ನವ್ವ ಕೆಂಚಮ್ಮ ನನ್ನನ್ನು ಓದಿಸಿದ್ದು. ಕಾಯಿ ಸುಲಿಯುವುದು ಗಂಡಸರ ಕೆಲಸ. ಅಪ್ಪ ಅವರದೇ ತೋಟದ ಮರದಿಂದ ಬಿದ್ದು ಸತ್ತ ಮೇಲೆ, ಅಪ್ಪ ನಿಲ್ಲುತ್ತಿದ್ದ ಈಟಿಯ ಮುಂದೆ ಅವ್ವ ನಿಂತಳು. ನೆಲದಲ್ಲಿ ನೆಟ್ಟ ಕಬ್ಬಿಣದ ಈಟಿ, ಮೊನೆ ಮೇಲೆ. ಎರಡೂ ಕೈಯಲ್ಲಿ ಕಾಯಿ ಎತ್ತಿ ಅದರ ಮೇಲೆ ಹೊಡೆದು, ಒತ್ತಿ ತಿರುವಿದರೆ ಮಟ್ಟೆ ಕಿತ್ತು ಬರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದೇ. ಅವ್ವನ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ.

ನಾನು ಕೆಲಸಕ್ಕೆ ಹಾಜರಾದ ದಿನ ರಂಗನಾಥ್ ಕೋಣೆಯಲ್ಲಿದ್ದ. ಮಲ್ಲಿಕಾರ್ಜುನಯ್ಯನ ಅಣ್ಣನ ಮಗ. ಈ ಹುದ್ದೆ ಅವನಿಗೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು. ಸಿಗದೆ ಹೋದಾಗ ಕಾಲೇಜಿನವರು ಅವನಿಗೆ ‘ಸಿಸ್ಟಂ ಇನ್‌ಚಾರ್ಜ್’ ಎಂಬ ಹೆಸರು ಕೊಟ್ಟು ಅದೇ ಕೋಣೆಯಲ್ಲಿ ಕುರ್ಚಿ ಹಾಕಿದ್ದರು.

“ಕೆಂಚಿ ಮಗಳಲ್ವೇನೇ ನೀನು?” ಅಂದ.

“ನನ್ನೆಸ್ರು ಸುನಂದಾ.”

“ಗೊತ್ತು ಬುಡು. ನೋಡು, ಪಾಠ ಬೆಂಗ್ಳೂರಿಂದ ಬತ್ತದೆ. ನೀನೇನ್ ಕಿಸಿಯೋದು ಬ್ಯಾಡ. ಕರೆಂಟ್ ಹೋದ್ರೆ ಜನರೇಟರ್ ತಿರುಗ್ಸು. ಮಿಕ್ಕ ಟೈಮು ಹಿಂದ್ಗಡೆ ಕೂತ್ಕೊ.”

ಕರೆಂಟು ಹೋಗದ ಕ್ಲಾಸೇ ಇರಲಿಲ್ಲ. ಮೇಜಿನ ಕೆಳಗೊಂದು ಬ್ಯಾಟರಿ ಇತ್ತು, ಅದು ಕೆಲವೇ ನಿಮಿಷ ತಡೆಯುತ್ತಿತ್ತು. ಜನರೇಟರು ಕೋಣೆಯ ಹಿಂದಿನ ಶೆಡ್ಡಿನಲ್ಲಿತ್ತು. ಹಳೆಯ ಡೀಸೆಲ್ ಎಂಜಿನ್ನು, ಕೈಯಲ್ಲಿ ತಿರುಗಿಸಬೇಕು. ಸೀರೆ ಸೆರಗು ಸೊಂಟಕ್ಕೆ ಬಿಗಿದು, ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಮೈಯೆಲ್ಲ ಹಾಕಿ ತಿರುಗಿಸುತ್ತಿದ್ದೆ. ಹಿಡಿತ ಜಾರಿದರೆ ಹ್ಯಾಂಡಲ್ ಹಿಂದಕ್ಕೆ ಹಾರಿ ಮಣಿಕಟ್ಟಿಗೆ ಬಡಿಯುತ್ತಿತ್ತು. ಕೈ ಊದಿಕೊಂಡು ಬಳಪ ಹಿಡಿಯಲು ಆಗುತ್ತಿರಲಿಲ್ಲ. ಗಂಡು ಜವಾನ ಶೆಡ್ಡಿನ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತ ನೋಡುತ್ತಿದ್ದ.

ಕೋಣೆಯೊಳಗೆ ಇನ್ನೊಂದು ವ್ಯವಸ್ಥೆ ಇತ್ತು. ಕ್ಯಾಮೆರಾದ ಮೂರು ಕಾಲು ಎಲ್ಲಿ ಊರಬೇಕೆಂದು ರಂಗನಾಥ್ ನೆಲದ ಮೇಲೆ ಬಳಪದಲ್ಲಿ ಗುರುತು ಹಾಕಿದ್ದ. ಅಲ್ಲಿಟ್ಟರೆ ಮುಂದಿನ ಬೆಂಚುಗಳು ಮಾತ್ರ ಕಾಣುತ್ತವೆ. ಹಿಂದಿನ ಬೆಂಚುಗಳು ಕಾಣುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ನಮ್ಮ ಹಟ್ಟಿಯ ಹುಡುಗರು ಮತ್ತು ಕುರಿ ಕಾಯುವವರ ಮಕ್ಕಳು. ಅವರ ಹಿಂದೆ ಗೋಡೆಗೆ ಒರಗಿ ನಾನು. ಬೆಂಗಳೂರಿನವರ ಪಾಲಿಗೆ ಹುಳಿಯಾರಿನಲ್ಲಿ ನಾವು ಇರಲೇ ಇಲ್ಲ.

ದಯಾನಂದ ನನ್ನ ದೊಡ್ಡವ್ವನ ಮಗ. ಬಿ.ಎಸ್ಸಿ. ಕೊನೇ ವರ್ಷ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಗಣಿತ ಕೇಳುವಾಗ ಮಾತ್ರ ಅವನ ಮುಖ ಬೇರೆಯೇ ಆಗುತ್ತಿತ್ತು. ಪಾಠ ಮಾಡುತ್ತಿದ್ದವರು ಅನುಪಮಾ ಮೇಡಂ. ಪಾಠದ ನಡುವೆ ನಿಲ್ಲಿಸಿ ಒಂದೊಂದೇ ಸೆಂಟರನ್ನು ಕರೆಯುತ್ತಿದ್ದರು. “ಪಾವಗಡ ಸೆಂಟರ್, ಮಾತಾಡಿ.” “ಹಿರಿಯೂರು ಸೆಂಟರ್, ಮಾತಾಡಿ.” ನಮ್ಮ ಸರದಿ ಬಂದಾಗ ರಂಗನಾಥ್ ಮೈಕನ್ನು ಮುಂದಿನ ಬೆಂಚಿಗೆ ಕೊಡುತ್ತಿದ್ದ. ಯಾರೋ ಒಬ್ಬ “ನೋ ಡೌಟ್ಸ್ ಮೇಡಂ” ಅನ್ನುತ್ತಿದ್ದ. ಆ ಮಾತು ಆಕಾಶಕ್ಕೆ ಹೋಗಿ, ಬೆಂಗಳೂರಿಗಿಳಿದು, ಮತ್ತೆ ಆಕಾಶ ಹತ್ತಿ, ನಮ್ಮದೇ ಸ್ಪೀಕರಿನಲ್ಲಿ ಒಂದು ಉಸಿರಿನಷ್ಟು ತಡವಾಗಿ ಇನ್ನೊಮ್ಮೆ ಕೇಳುತ್ತಿತ್ತು. ನೋ ಡೌಟ್ಸ್ ಮೇಡಂ.

ಒಂದು ಶನಿವಾರ ದಯಾನಂದ ಎದ್ದು ಹೋದ. ಮುಂದಿನ ಬೆಂಚಿನ ಮೇಲಿಟ್ಟಿದ್ದ ಮೈಕನ್ನು ಯಾರನ್ನೂ ಕೇಳದೆ ತಗೊಂಡ.

“ಮೇಡಂ, ನನಗೆ ಡೌಟಿದೆ.”

ಕೇಳಿದ. ಮೇಡಂ ಉತ್ತರ ಹೇಳಿದರು. ಅವನು ಅದಕ್ಕೂ ಒಂದು ಕೇಳಿದ. ಅವರು ನಕ್ಕರು. “ಈ ಪ್ರಶ್ನೆ ಈವರೆಗೆ ಯಾವ ಸೆಂಟರಿನಿಂದಲೂ ಬಂದಿರಲಿಲ್ಲ. ನಿಮ್ಮ ಹೆಸರೇನು? ಸ್ವಲ್ಪ ಕ್ಯಾಮೆರಾ ಮುಂದೆ ಬನ್ನಿ, ನೋಡೋಣ.”

ಅವನು ಬಂದು ನಿಂತ. ಪರದೆಯ ಮೂಲೆಯಲ್ಲಿ ಅವನ ಮುಖ ಮೂಡಿತು. ಬೆವರಿದ್ದ. ನಗುತ್ತಿದ್ದ. ಎಲ್ಲ ಊರುಗಳವರೂ ಅವನನ್ನು ನೋಡಿದರು.

ಕ್ಲಾಸು ಮುಗಿದ ಮೇಲೆ ರಂಗನಾಥ್ ಜೇಬಿನಿಂದ ಕರ್ಚೀಫ್ ತೆಗೆದು ಮೈಕಿಗೆ ಸುತ್ತಿದ. ಗಂಟು ಹಾಕಿದ. ಎಲ್ಲರೂ ನೋಡಲಿ ಎಂದೇ ನಿಧಾನವಾಗಿ ಹಾಕಿದ.

“ಎಂಜಲಾಗೈತೆ ಕಣ್ರಪ್ಪೋ. ಬಾಯಿ ಹತ್ರ ಹಿಡ್ಕೊಬ್ಯಾಡಿ.”

ಮುಂದಿನ ಬೆಂಚುಗಳು ನಕ್ಕವು. ದಯಾನಂದನ ಕಿವಿ ಕೆಂಪಾಯಿತು.

ಮುಂದಿನ ಶನಿವಾರ ಕ್ಲಾಸು ಶುರುವಾಗುವ ಮೊದಲೇ ಹೋದೆ. ಕರ್ಚೀಫ್ ಬಿಚ್ಚಿದೆ. ಕಿಟಕಿಯಿಂದಾಚೆ ಎಸೆದೆ. ಮೈಕು ನನ್ನ ಕೈಯಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ ನಿಂತೆ. ರಂಗನಾಥ್ ಬಂದು ಹುಡುಕಿದ. ನನ್ನ ಕೈಯಲ್ಲಿ ಕಂಡ. ಅಷ್ಟರಲ್ಲಿ ಪರದೆಯ ಮೇಲೆ ಮೇಡಂ ಬಂದಿದ್ದರು. ಅವನು ತನ್ನ ಕುರ್ಚಿಗೆ ಹೋಗಿ ಕೂತ.

“ಹುಳಿಯಾರು ಸೆಂಟರ್, ಮಾತಾಡಿ.”

ಮೈಕನ್ನು ದಯಾನಂದನಿಗೆ ಕೊಟ್ಟೆ. “ಕೇಳಪ್ಪ” ಅಂದೆ.

ಅವನು ಎದ್ದ. “ಮೇಡಂ” ಅಂದ. ಅಷ್ಟೇ ಅಂದದ್ದು. ರಂಗನಾಥ್ ಬೆಂಚು ಹಾರಿ ಬಂದ. ಮೈಕು ಕಿತ್ತುಕೊಂಡು ಅದರಲ್ಲೇ ಅವನ ಬಾಯಿಗೆ ಹೊಡೆದ.

ಮೈಕು ಆಫ್ ಆಗಿರಲಿಲ್ಲ.

ಹೊಡೆತದ ಸದ್ದು ಒಂದು ಸಲ ಕೋಣೆಯಲ್ಲಿ ಕೇಳಿತು. ಒಂದು ಉಸಿರಿನ ನಂತರ ಸ್ಪೀಕರಿನಲ್ಲಿ ಕೇಳಿತು. ದಯಾನಂದ ಕೂಗಿದ್ದು ಎರಡು ಸಲ ಕೇಳಿತು. ಮತ್ತೆ ಹೊಡೆದ. ಹಲ್ಲು ಮುರಿದ ಸದ್ದು ಆಕಾಶಕ್ಕೆ ಹೋಗಿ ವಾಪಸು ಬಂತು. ಪರದೆಯ ಮೇಲೆ ಮೇಡಂ ಬಳಪ ಹಿಡಿದು ನಿಂತಿದ್ದರು. “ಏನಾಗ್ತಿದೆ? ಹುಳಿಯಾರು? ಏನಾಗ್ತಿದೆ ಅಲ್ಲಿ?” ಅನ್ನುತ್ತಿದ್ದರು. ರಂಗನಾಥನ ಗೆಳೆಯನೊಬ್ಬ ವೈರು ಕಿತ್ತ. ಪರದೆ ನೀಲಿಯಾಯಿತು.

ಆಮೇಲೆ ಅವನನ್ನು ಎಳೆದುಕೊಂಡು ಹೋದರು. ರಂಗನಾಥ್, ಅವನ ಜೊತೆ ಮೂರು ನಾಲ್ಕು ಜನ. ಹಿಂದಿನ ಬಾಗಿಲಿಂದ ಜನರೇಟರ್ ಶೆಡ್ಡಿಗೆ. ಅವನ ಅಂಗಿ ಹರಿದು ಕೊರಳಿಗೆ ಸುತ್ತಿಕೊಂಡಿತ್ತು. ಕೆಳಗೆ ಕೆಡವಿ ಹೊಟ್ಟೆಗೆ ಒದ್ದರು. ಬೆನ್ನಿಗೆ ಒದ್ದರು. ಡೀಸೆಲ್ ಚೆಲ್ಲಿದ ನೆಲದಲ್ಲಿ ಅವನ ಮುಖ ಉಜ್ಜಿದರು. ರಂಗನಾಥ್ ಶೂ ಕಾಲನ್ನು ಅವನ ದವಡೆಯ ಮೇಲಿಟ್ಟ.

“ಮಾತಾಡ್ಲಾ. ಡೌಟ್ ಕೇಳ್ಲಾ. ಈಗ ಕೇಳ್ಲಾ ಮಗನೇ.”

ತುಳಿದ. ದವಡೆ ಮುರಿದದ್ದು ನನಗೆ ಕೇಳಿಸಿತು.

ನಾನು ಬಾಗಿಲಲ್ಲಿ ನಿಂತು ಕಿರುಚುತ್ತಿದ್ದೆ. ಒಳಗೆ ಇಡೀ ಕ್ಲಾಸು ಕೂತಿತ್ತು. ಯಾರೂ ಬರಲಿಲ್ಲ. ಕುರುಬರ ಹುಡುಗ ಬೀರೇಶ್ ಒಬ್ಬ ಓಡಿ ಬಂದ. ಅವನನ್ನೂ ಹಿಡಿದು ಗೋಡೆಗೆ ಬಡಿದರು. ನಾನು ಕಿರುಚುವುದನ್ನು ನಿಲ್ಲಿಸಿದೆ. ಎಂಜಿನ್ನಿನ ಹ್ಯಾಂಡಲ್ ಗೂಟಕ್ಕೆ ನೇತು ಹಾಕಿತ್ತು. ಕೈಗೆ ತಗೊಂಡೆ. ತಿಂಗಳುಗಟ್ಟಲೆ ಹಿಡಿದ ಹ್ಯಾಂಡಲ್, ಅದರ ತೂಕ ನನ್ನ ತೋಳಿಗೆ ಗೊತ್ತಿತ್ತು. ಎತ್ತಿ ಬೀಸಿದೆ. ರಂಗನಾಥನ ಎಡತೋಳಿಗೆ ಬಿತ್ತು. ತೋಳು ಮೊಣಕೈ ಮೇಲೆ ಮಡಿಚಿಕೊಂಡಿತು. ಅವನು “ಅಮ್ಮಾ” ಅಂದ. ಮತ್ತೆ ಎತ್ತಿದೆ. ಉಳಿದವರು ಹಿಂದೆ ಸರಿದರು.

“ಮುಟ್ರೋ ಈಗ. ಯಾವನ್ ಮುಟ್ತೀರೋ ಮುಟ್ರೋ!”

ಯಾವನೂ ಮುಟ್ಟಲಿಲ್ಲ. ಬೀರೇಶ್ ಮತ್ತು ನಾನು ದಯಾನಂದನನ್ನು ಹೊತ್ತು ರಸ್ತೆಗೆ ತಂದೆವು. ಕಾಯಿ ತುಂಬಿದ ಟೆಂಪೊ ಒಂದನ್ನು ಅಡ್ಡಗಟ್ಟಿ, ಕಾಯಿ ಮೇಲೆಯೇ ಅವನನ್ನು ಮಲಗಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನ ಬಾಯಿಂದ ರಕ್ತ ಕಾಯಿಗಳ ಸಂದಿಗೆ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಬೀರೇಶನನ್ನು ಬಿಟ್ಟು ಸಂಜೆ ಠಾಣೆಗೆ ಹೋದೆ. ಸಬ್‌ಇನ್ಸ್‌ಪೆಕ್ಟರ್ ನನ್ನ ಮಾತು ಕೇಳುವ ಮೊದಲೇ ನನ್ನ ಮೇಲಿನ ದೂರು ಓದಿ ಹೇಳಿದ. ಕಬ್ಬಿಣದ ಆಯುಧದಿಂದ ಹಲ್ಲೆ. ಹ್ಯಾಂಡಲ್ಲನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿ ಇಟ್ಟಿದ್ದರು.

“ಆ ಹುಡ್ಗನ ದವಡೆ ಮುರ್ದವ್ರೆ ಸಾರ್. ಅದನ್ನ ಬರ್ಕೊಳ್ಳಿ.”

“ಜಾರಿ ಬಿದ್ನಂತಲ್ಲಮ್ಮ ಅವನು.”

“ಊರೂರೆಲ್ಲ ಕೇಳೈತೆ ಸಾರ್. ಮೈಕಲ್ಲಿ.”

“ಊರೂರ್‌ನೋರು ಬಂದು ಹೇಳ್ಳಿ, ಬರ್ಕೊಳ್ಳೋಣ. ಸದ್ಯಕ್ಕೆ ನೀನು ಊರು ಬುಟ್ಟು ಹೋಗಂಗಿಲ್ಲ.”

ಸೋಮವಾರ ಬೆಳಿಗ್ಗೆ ನಾನು ಮತ್ತೆ ಆಸ್ಪತ್ರೆಗೆ ಹೊರಟೆ. ಅವ್ವ ಸೆರಗು ಬಿಗಿದು ಕಾಯಿ ಸುಲಿಯಲು ಹೊರಟಿದ್ದಳು.

“ಇವತ್ತು ಬ್ಯಾಡ ಕಣವ್ವ. ಮನೇಲಿರು.”

“ಯಾಕಿರ್ಲಿ? ನಾನೇನು ಕದ್ದಿದ್ದೀನಾ? ಮನೇಲಿ ಕೂತ್ರೆ ಹೆದ್ರುಕೊಂಡ್ಲು ಅಂತಾರೆ.” ಹೋದಳು.

ಮುಂದಿನದನ್ನು ಅವ್ವನೇ ಆಮೇಲೆ ಹೇಳಿದ್ದು. ಬಿಸಿಲೇರುವ ಹೊತ್ತಿಗೆ ರಂಗನಾಥ್ ತೋಟಕ್ಕೆ ಬಂದನಂತೆ. ಎಡತೋಳಿಗೆ ಸಿಮೆಂಟಿನ ಪಟ್ಟಿ. ಜೊತೆಗೆ ಇಬ್ಬರು. ಸುಲಿಯುತ್ತಿದ್ದ ಗಂಡಸರು ಕೆಲಸ ನಿಲ್ಲಿಸಿ ಎದ್ದು ನಿಂತರಂತೆ. ಅವ್ವ ನಿಲ್ಲಿಸಲಿಲ್ಲ.

“ಕೆಂಚಿ, ನಿನ್ ಮಗ್ಳು ಯಾವ್ ಕೈಲೇ ಹೊಡುದ್ಲು ನನ್ನ?”

“ನೀವೇ ತಿಂದೋರು. ನಿಮ್ಗೇ ಗೊತ್ತಿರ್ಬೇಕು ಬುದ್ಧಿ.”

“ಬಲ್ಗೈಲಿ ಕಣೇ.”

ಇಬ್ಬರು ಅವಳ ತೋಳು ಹಿಂದಕ್ಕೆ ತಿರುಚಿ ಹಿಡಿದರು. ಬಲಗೈಯನ್ನು ಬಿಡಿಸಿ ಮುಂದಕ್ಕೆ ಚಾಚಿದರು. ರಂಗನಾಥ್ ತನ್ನ ನೆಟ್ಟಗಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದು ಈಟಿಯ ಮೊನೆಗೆ ಅಂಗೈಯನ್ನು ಒತ್ತಿದ. ಕಾಯಿಯನ್ನು ಒತ್ತುವ ಹಾಗೆ. ಮೊನೆ ಕೈಯ ಹಿಂಬದಿಯಿಂದ ಮೇಲೆ ಬಂತು. ಆಮೇಲೆ ತಿರುವಿದ. ಮಟ್ಟೆ ತಿರುವುವ ಹಾಗೆ.

ಅವಳನ್ನು ಹಾಗೇ ಬಿಟ್ಟು ಹೋದರು. ಸುಲಿಯುವ ಗಂಡಸರಲ್ಲಿ ಒಬ್ಬನೂ ಹತ್ತಿರ ಬರಲಿಲ್ಲ. ಅವಳೇ ಎಡಗೈಯಿಂದ ಬಲಗೈಯನ್ನು ಈಟಿಯಿಂದ ಎತ್ತಿ ತೆಗೆದಳು. ಸೆರಗು ಸುತ್ತಿಕೊಂಡಳು. ತೋಟದಿಂದ ರಸ್ತೆಗೆ, ರಸ್ತೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ ಕಂಡಕ್ಟರು ಸೀಟು ಕೆಂಪಾಗುತ್ತೆ, ನಿಂತ್ಕೊ ಅಂದನಂತೆ. ನಿಂತೇ ಬಂದಳು.

ತಿಪಟೂರಿನ ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ನೋಡಿದೆ. ಸೆರಗು ಪೂರ್ತಿ ನೆಂದಿತ್ತು.

“ಕೂಗ್ಬ್ಯಾಡ. ಜನ ನೋಡ್ತಾರೆ. ಡಾಕ್ಟ್ರ ಕರಿ” ಅಂದಳು.

ನರಗಳು ಕಿತ್ತುಹೋಗಿವೆ, ಬೆರಳು ಇನ್ನು ಮಡಿಚುವುದಿಲ್ಲ ಎಂದರು ಡಾಕ್ಟರು. ಠಾಣೆಯಲ್ಲಿ, ಕಾಯಿ ಸುಲಿಯುವಾಗ ಕೈ ಜಾರಿದೆ ಎಂದರು. ನೋಡಿದ ಗಂಡಸರೇ ಹಾಗೆ ಹೇಳಿದ್ದರು.

ಆ ವಾರವೇ ಮಲ್ಲಿಕಾರ್ಜುನಯ್ಯ ನನ್ನನ್ನು ಕಾಲೇಜಿನ ಆಫೀಸಿಗೆ ಕರೆಸಿದರು. ಪ್ರಿನ್ಸಿಪಾಲರು ಪಕ್ಕದಲ್ಲಿ ನಿಂತಿದ್ದರು. ಸಬ್‌ಇನ್ಸ್‌ಪೆಕ್ಟರ್ ಕೂತಿದ್ದ. ನಾನು ನಿಂತೇ ಇದ್ದೆ.

“ನೋಡಮ್ಮ” ಎಂದರು ಮಲ್ಲಿಕಾರ್ಜುನಯ್ಯ. ಬಹಳ ಮೆತ್ತಗಿನ ಮಾತು ಅವರದು. “ಬೆಂಗ್ಳೂರಿನೋರು ವಿಚಾರಣೆ ಮಾಡ್ತಾವ್ರೆ. ಈ ಶನಿವಾರ ಲೈನಲ್ಲೇ ನಿನ್ನ ಕೇಳ್ತಾರಂತೆ. ಮೈಕು ಕೈ ಜಾರಿ ಬಿತ್ತು, ವೈರು ಕಿತ್ತೋಯ್ತು, ತಾಂತ್ರಿಕ ತೊಂದ್ರೆ ಅಂತ ಹೇಳ್ಬುಡು. ಅಷ್ಟೇ. ನಿನ್ ಮ್ಯಾಲಿನ ಕೇಸು ವಾಪಸ್ ತಗೋತೀವಿ. ಕೆಲ್ಸ ಇರ್ತದೆ.”

“ನಮ್ಮವ್ವನ ಕೈ?”

ಅವರು ನನ್ನ ಮುಖ ನೋಡಲಿಲ್ಲ. ಮೇಜಿನ ಗಾಜಿನ ಮೇಲಿನ ಧೂಳು ಬೆರಳಿಂದ ಒರೆಸಿದರು. “ಕಾಯಿ ಸುಲಿಯೋ ಕೆಲ್ಸ. ಆಯ್ತಿರ್ತದೆ.”

ಸಬ್‌ಇನ್ಸ್‌ಪೆಕ್ಟರ್ ಹೇಳಿದ: “ಇಲ್ಲಾಂದ್ರೆ ಜೈಲು ಕಣಮ್ಮ. ಮೇಷ್ಟ್ರು ಕೆಲ್ಸ ಈ ಜನ್ಮದಲ್ಲಿ ಸಿಗಲ್ಲ.”

ನಾನು ತಲೆ ಆಡಿಸಿದೆ. ಹ್ಞೂಂ ಅಂದಂತೆ ಅವರಿಗೆ ಕಂಡಿತು. ಹಾಗೆ ಕಾಣಲಿ ಎಂದೇ ಆಡಿಸಿದ್ದು.

ಶನಿವಾರ ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಪ್ರಿನ್ಸಿಪಾಲರು ಒಳ್ಳೆಯ ಸೀರೆ ಉಟ್ಟು ಬಾ ಎಂದು ಹೇಳಿ ಕಳಿಸಿದ್ದರು. ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದ್ದರು. ಅಲ್ಲಿ ಸೇರಿದ ಮೇಲೆ ಮೊದಲ ಸಲ ಬೆಂಗಳೂರಿಗೆ ನಾನು ಕಾಣುವವಳಿದ್ದೆ. ಮಲ್ಲಿಕಾರ್ಜುನಯ್ಯ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸಬ್‌ಇನ್ಸ್‌ಪೆಕ್ಟರ್ ಲಾಠಿ ಹಿಡಿದು ಗೋಡೆಗೆ ಒರಗಿದ್ದ. ರಂಗನಾಥ್ ಮೈಕು ತಂದು ನನ್ನ ಮುಂದಿಟ್ಟ.

“ಹೇಳ್ಕೊಟ್ಟಿದ್ದು ಹೇಳು. ಒಂದ್ ಮಾತು ಜಾಸ್ತಿ ಆಯ್ತೋ, ನಿಮ್ಮವ್ವಂಗೆ ಇನ್ನೊಂದ್ ಕೈ ಐತೆ” ಎಂದ, ಕಿವಿಯ ಹತ್ತಿರ.

ಹುಡುಗರು ಒಳಗೆ ಬರುವ ನೂಕಾಟದಲ್ಲಿ ಬೀರೇಶ್ ಹಿಂದಿನ ಬಾಗಿಲಿಂದ ಇಬ್ಬರನ್ನು ಕರೆತಂದು ಕೊನೇ ಬೆಂಚಿನಲ್ಲಿ ಕೂರಿಸಿದ್ದ. ಒಬ್ಬ ದಯಾನಂದ, ದವಡೆಗೆ ತಂತಿ ಕಟ್ಟಿದ್ದರು. ಇನ್ನೊಬ್ಬಳು ಅವ್ವ, ತಲೆ ತುಂಬ ಸೆರಗು ಹೊದ್ದಿದ್ದಳು. ಹಿಂದಿನ ಬೆಂಚುಗಳನ್ನು ತಿರುಗಿ ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಪರದೆಯ ಮೇಲೆ ಅನುಪಮಾ ಮೇಡಂ ಬಂದರು. ಅವತ್ತು ಬಳಪ ಹಿಡಿದಿರಲಿಲ್ಲ. ಪಕ್ಕದಲ್ಲಿ ವಿಶ್ವವಿದ್ಯಾಲಯದ ಅಧಿಕಾರಿ ಒಬ್ಬರು.

“ಹುಳಿಯಾರು ಸೆಂಟರ್, ಮಾತಾಡಿ. ಹಿಂದಿನ ಕ್ಲಾಸಿನಲ್ಲಿ ಏನಾಯಿತು?”

ಮೈಕು ಎತ್ತಿಕೊಂಡೆ. ಎದ್ದು ನಿಂತೆ.

“ನಾನು ಸುನಂದಾ. ಈ ಸೆಂಟರಿನ ಬೋಧನಾ ಸಹಾಯಕಿ. ಹಿಂದಿನ ಕ್ಲಾಸಿನಲ್ಲಿ ದಯಾನಂದ ಪ್ರಶ್ನೆ ಕೇಳಲು ಎದ್ದ. ಅವನು ಹೊಲಗೇರಿಯವನು. ಅದಕ್ಕೆ ರಂಗನಾಥ್ ಎಂಬುವವನು ಇದೇ ಮೈಕಿನಲ್ಲಿ ಅವನ ಬಾಯಿಗೆ ಹೊಡೆದ.”

ನನ್ನ ಮಾತು ಸ್ಪೀಕರಿನಲ್ಲಿ ವಾಪಸು ಬಂತು. ಇದೇ ಮೈಕಿನಲ್ಲಿ ಅವನ ಬಾಯಿಗೆ ಹೊಡೆದ.

ವೇದಿಕೆಯಿಂದ ಇಳಿದೆ. ಕ್ಯಾಮೆರಾದ ಕಾಲುಗಳನ್ನು ಎತ್ತಿ ಹಿಂದಿನ ಬೆಂಚಿನ ಕಡೆ ತಿರುಗಿಸಿದೆ. ದಯಾನಂದ ಎದ್ದ. ಬಾಯಿ ತೆರೆಯಲು ಆಗದೆ, ತಂತಿ ಕಟ್ಟಿದ ಮುಖವನ್ನು ಮೇಲೆತ್ತಿ ತೋರಿಸಿದ. ಅವ್ವ ಸೆರಗು ಸರಿಸಿ ಬಲಗೈ ಎತ್ತಿದಳು. ಬಟ್ಟೆ ಬಿಚ್ಚಿಕೊಂಡೇ ಬಂದಿದ್ದಳು. ಅಂಗೈ ನಡುವೆ ಹೊಲಿಗೆ ಹಾಕಿದ ಕರಿಯ ಗಾಯ.

“ಇವಳು ನನ್ನ ತಾಯಿ. ಈ ಕೈಯನ್ನು ಕಾಯಿ ಸುಲಿಯುವ ಈಟಿಗೆ ಒತ್ತಿ ತಿರುವಿದ್ದಾರೆ...”

“ಕರೆಂಟ್ ತೆಗಿಯೋ!” ಎಂದು ಮಲ್ಲಿಕಾರ್ಜುನಯ್ಯ ಕೂಗಿದರು. ಮೆತ್ತಗಿನ ದನಿ ಹೋಗಿತ್ತು.

ಜವಾನ ಮೇನ್ ಸ್ವಿಚ್ ಎಳೆದ. ಫ್ಯಾನುಗಳು ನಿಂತವು. ಪರದೆ ನಿಲ್ಲಲಿಲ್ಲ. ಮೇಜಿನ ಕೆಳಗಿನ ಬ್ಯಾಟರಿ ಕೀ ಕೀ ಎಂದು ಕೂಗತೊಡಗಿತು. ಹಳೆಯ ಬ್ಯಾಟರಿ. ಅದಕ್ಕೆ ಎಷ್ಟು ಉಸಿರಿದೆ ಅಂತ ನನಗೆ ಗೊತ್ತಿತ್ತು. ಹ್ಯಾಂಡಲ್ ಠಾಣೆಯಲ್ಲಿತ್ತು, ಜನರೇಟರ್ ತಿರುಗುವಂತಿರಲಿಲ್ಲ. ಬೇಗ ಬೇಗ ಹೇಳಿದೆ. ಹೊಡೆದವರ ಹೆಸರು ಹೇಳಿದೆ. ದೂರು ಬರೆದುಕೊಳ್ಳದ ಠಾಣೆಯ ಮಾತು ಹೇಳಿದೆ. ಸುಳ್ಳು ಹೇಳಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿದವರು ಎದುರಿಗೇ ಕೂತಿದ್ದಾರೆ ಎಂದು ಹೇಳಿದೆ.

ರಂಗನಾಥ್ ನನ್ನ ಮೇಲೆ ಬಿದ್ದ. ಜಡೆ ಹಿಡಿದು ಎಳೆದ. ಬೀರೇಶ್ ಅವನ ಸೊಂಟಕ್ಕೆ ಹಾರಿದ. ಹಿಂದಿನ ಬೆಂಚುಗಳು ಎದ್ದವು. ಅವತ್ತಿನವರೆಗೆ ತಲೆ ಬಗ್ಗಿಸಿ ಕೂತಿದ್ದ ಹುಡುಗರು ಬೆಂಚು ಎತ್ತಿ ಎಸೆದರು. ಗಾಜು ಒಡೆಯಿತು. ಯಾರೋ ಯಾರನ್ನೋ ಕಚ್ಚಿದರು. ಸಬ್‌ಇನ್ಸ್‌ಪೆಕ್ಟರ್ ನುಗ್ಗಿ ಬಂದು ಕ್ಯಾಮೆರಾದ ಮುಂದೆಯೇ ಲಾಠಿ ಬೀಸಿದ. ನನ್ನ ಬೆನ್ನಿಗೆ ಬಿತ್ತು. ಹೆಗಲಿಗೆ ಬಿತ್ತು. ಮಂಡಿ ಊರಿದೆ. ಮೈಕು ಎದೆಗೆ ಅವುಚಿಕೊಂಡೆ. ಏಟಿನ ಸದ್ದು ಸ್ಪೀಕರಿನಲ್ಲಿ ಬಂತು. ನನ್ನ ನರಳಾಟ ಬಂತು. ನಾನು ನರಳುತ್ತಲೇ ಮಾತಾಡಿದೆ.

ಅವ್ವ ಜನರ ಮಧ್ಯೆ ತೂರಿ ಬಂದಳು. ನನ್ನ ಮೇಲೆ ಬಗ್ಗಿ ನಿಂತಳು. ಮುಂದಿನ ಏಟು ಅವಳ ಬೆನ್ನಿಗೆ ಬಿತ್ತು. ಅವಳು ಕದಲಲಿಲ್ಲ.

“ಹೇಳು. ಪೂರ್ತಿ ಹೇಳು. ನಾನಿದ್ದೀನಿ” ಅಂದಳು.

ಪರದೆಯ ಮೇಲೆ ಅಧಿಕಾರಿ ಯಾರಿಗೋ ಕೈ ಸನ್ನೆ ಮಾಡುತ್ತಿದ್ದ, ಕತ್ತರಿಸಿ ಎಂಬಂತೆ. ಅನುಪಮಾ ಮೇಡಂ ಅವನ ಕೈ ಹಿಡಿದು ಕೆಳಗಿಳಿಸಿದರು. “ಯಾರೂ ಲಿಂಕ್ ಕಟ್ ಮಾಡಕೂಡದು. ರೆಕಾರ್ಡ್ ಆಗ್ತಿದೆಯಾ? ಆಗಲಿ. ಆ ಲಾಠಿ ಹಿಡಿದವರೇ, ನಿಮ್ಮನ್ನ ಇಡೀ ರಾಜ್ಯ ನೋಡ್ತಾ ಇದೆ.”

ಆಮೇಲೆ ಬೇರೆ ದನಿಗಳು ಬಂದವು. ಮುಖ ಕಾಣದ, ಹೆಸರು ಗೊತ್ತಿಲ್ಲದ ಹುಡುಗರು, ಹುಡುಗಿಯರು. “ಪಾವಗಡ ಸೆಂಟರ್. ನಾವು ನೋಡ್ತಾ ಇದೀವಿ.” “ಹಿರಿಯೂರು ಸೆಂಟರ್. ಅಕ್ಕಾ, ನಾವು ನೋಡ್ತಾ ಇದೀವಿ.” “ಏಯ್, ಹೊಡೀಬ್ಯಾಡ್ರೋ ಆಯಮ್ಮನ್ನ!” ಒಂದರ ಮೇಲೊಂದು. ಕೋಣೆ ತುಂಬ ಅವರೇ.

ಸಬ್‌ಇನ್ಸ್‌ಪೆಕ್ಟರ್ ಪರದೆ ನೋಡಿದ. ಅಲ್ಲಿ ಅವನೇ ಇದ್ದ, ಲಾಠಿ ಎತ್ತಿಕೊಂಡು. ಕೈ ಇಳಿಸಿದ.

ಬ್ಯಾಟರಿ ಸತ್ತಿತು. ಪರದೆ ಕಪ್ಪಾಯಿತು.

ಆಮೇಲಿನದು ಎಲ್ಲ ಒಳ್ಳೆಯದೇ ಆಯಿತು ಎಂದು ಹೇಳಲು ಬರುವುದಿಲ್ಲ. ಆ ವಾರ ಎಲ್ಲೆಲ್ಲಿಂದಲೋ ಹುಡುಗರು ಬಸ್ಸು ಹತ್ತಿ ತುಮಕೂರಿಗೆ ಬಂದು ದೊಡ್ಡ ಪೊಲೀಸ್ ಕಚೇರಿಯ ಮುಂದೆ ಕೂತರು. ದೌರ್ಜನ್ಯದ ಕೇಸು ದಾಖಲಾಯಿತು. ರಂಗನಾಥ್ ಮತ್ತು ಅವನ ಜೊತೆಯವರು ಜೈಲಿಗೆ ಹೋದರು, ಜಾಮೀನು ಸಿಗಲಿಲ್ಲ. ಸಬ್‌ಇನ್ಸ್‌ಪೆಕ್ಟರನ್ನು ಬೇರೆ ಊರಿಗೆ ಹಾಕಿದರು, ಅಷ್ಟೇ. ವಿಶ್ವವಿದ್ಯಾಲಯ ಹುಳಿಯಾರು ಸೆಂಟರನ್ನು ಮುಚ್ಚಿತು. ಪೆಟ್ಟು ತಿಂದವರಿಗೂ ಕೊಟ್ಟವರಿಗೂ ಒಂದೇ ಶಿಕ್ಷೆ. ನನ್ನ ಕೆಲಸ ಹೋಯಿತು. ನನ್ನ ಮೇಲಿನ ಕೇಸು ಹಾಗೇ ಇದೆ, ಚಿಕ್ಕನಾಯಕನಹಳ್ಳಿ ಕೋರ್ಟಿಗೆ ಈಗಲೂ ಹೋಗಿ ನಿಲ್ಲುತ್ತೇನೆ. ತೋಳು ಮುರಿದದ್ದು ಹೌದಾ ಎಂದು ಜಡ್ಜು ಕೇಳಿದರೆ ಹೌದು ಅನ್ನುತ್ತೇನೆ. ದಯಾನಂದ ಬೇರೆ ಊರಿನ ಸೆಂಟರಿನಲ್ಲಿ ಪರೀಕ್ಷೆ ಬರೆದ. ಅವನ ಮಾತು ಈಗ ಎಲ್ಲರಿಗೂ ಅರ್ಥವಾಗುವುದಿಲ್ಲ. ಎರಡು ಸಲ ಹೇಳಬೇಕು. ಅವನು ಎರಡು ಸಲ ಹೇಳುತ್ತಾನೆ.

ರಂಗನಾಥನ ಮೇಲಿನ ಕೇಸು ವಿಚಾರಣೆಗೆ ಬರುವ ಮೊದಲು ಮಲ್ಲಿಕಾರ್ಜುನಯ್ಯ ನಮ್ಮ ಹಟ್ಟಿಗೆ ಬಂದರು. ಬೇಸಿಗೆಯ ನಡು ಮಧ್ಯಾಹ್ನ. ಕಾರು ಒಳಗೆ ಬರುವುದಿಲ್ಲ, ರಸ್ತೆಯಲ್ಲಿ ಬಿಟ್ಟು ನಡೆದು ಬಂದಿದ್ದರು. ಬಿಳಿ ಪಂಚೆಯ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. ಆ ಮನೆತನದವರು ಯಾರೂ ನಮ್ಮ ಹಟ್ಟಿಯೊಳಗೆ ಕಾಲಿಟ್ಟಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮನೆಮನೆಯಿಂದ ಜನ ಹೊರಗೆ ಬಂದರು.

ಅವ್ವ ಜಗುಲಿಯ ಮೇಲೆ ಕೂತಿದ್ದಳು. ಏಳಲಿಲ್ಲ.

“ಕೆಂಚಮ್ಮ” ಎಂದರು. ಅವರ ಬಾಯಲ್ಲಿ ಆ ‘ಅಮ್ಮ’ ಅವತ್ತೇ ಮೊದಲು ಬಂದದ್ದು. “ಹುಡ್ಗ ಆತ್ರ ಬಿದ್ದ. ತಪ್ಪು ಮಾಡ್ದ. ಅವರಮ್ಮ ಅನ್ನ ನೀರು ಬುಟ್ಟವ್ಳೆ. ರಾಜಿ ಮಾಡ್ಕೊಳಮ್ಮ. ಏನ್ ಮಾಡು ಅಂತೀಯೋ ಮಾಡ್ತೀನಿ.”

ಅವರ ಹಣೆಯಿಂದ ಬೆವರು ಇಳಿದು ವಿಭೂತಿ ಕದಡಿತ್ತು. ನಾಲಗೆ ಒಣಗಿ ತುಟಿ ಅಂಟಿಕೊಳ್ಳುತ್ತಿತ್ತು. ಅವ್ವ ಎದ್ದು ಒಳಗೆ ಹೋದಳು. ಸ್ಟೀಲಿನ ಚೊಂಬಿನಲ್ಲಿ ನೀರು ತಂದಳು. ಬಲಗೈ ಮಡಿಚುವುದಿಲ್ಲ. ಎಡಗೈಯಲ್ಲಿ ಚಾಚಿದಳು.

ಹಟ್ಟಿಯೆಲ್ಲ ನೋಡುತ್ತಿತ್ತು. ಮಲ್ಲಿಕಾರ್ಜುನಯ್ಯ ಚೊಂಬು ನೋಡಿದರು. ಅವಳ ಎಡಗೈ ನೋಡಿದರು. ಸುತ್ತ ನಿಂತ ನಮ್ಮನ್ನೆಲ್ಲ ನೋಡಿದರು. ಚೊಂಬು ಇಸಕೊಂಡರು. ಕಣ್ಣು ಮುಚ್ಚಿಕೊಂಡರು. ಕುಡಿದರು. ಒಂದು ಹನಿ ಬಿಡದೆ ಕುಡಿದರು. ಬರಿದಾದ ಚೊಂಬನ್ನು ಎಲ್ಲರಿಗೂ ಕಾಣುವ ಹಾಗೆ ಜಗುಲಿಯ ಮೇಲಿಟ್ಟರು.

“ಕುಡುದ್ನಲ್ಲಮ್ಮ” ಅಂದರು. ಕಣ್ಣಲ್ಲಿ ನೀರಿತ್ತು. “ನಿನ್ ಮನೆ ನೀರು ಕುಡುದ್ನಲ್ಲ. ಇನ್ನಾರ ರಾಜಿ ಮಾಡ್ಕೊ.”

ಅವ್ವ ಚೊಂಬು ಎತ್ತಿಕೊಂಡಳು.

“ಬಿಸ್ಲಲ್ಲಿ ನಡ್ಕೊಂಡ್ ಬಂದಿದ್ರಿ, ಬಾಯಾರಿತ್ತು, ಕೊಟ್ಟೆ” ಅಂದಳು. “ಕೇಸು ನಡೀಲಿ.”